ಅಡ್ಡಗೆರೆ ಎಳೆದ ಅಳತೆಗಳು

ಮೀನು ಎಷ್ಟು ಉಸಿರಾಡುತ್ತದೆ ಎಂದು ಅಳೆಯುವುದು ನನ್ನ ಕಸುಬು. ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ‘ಅದರಿಂದ ಏನು ಉಪಯೋಗ?’ ಎನ್ನುತ್ತಾರೆ. ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ನನಗೂ ಸಾಕಾಗಿದೆ. ಈಗ ‘ಏನೂ ಇಲ್ಲ’ ಎಂದುಬಿಡುತ್ತೇನೆ. ಅವರಿಗೂ ಸಮಾಧಾನ, ನನಗೂ ಬಾಯಿನೋವು ಇಲ್ಲ.

ಮೈಸೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಮನೆ ನಂಜನಗೂಡಿನಲ್ಲಿ, ಹೊಳೆಗೆ ಐದು ನಿಮಿಷದ ದಾರಿ. ಅಪ್ಪ ಮಠದ ಪಾಠಶಾಲೆಯಲ್ಲಿ ಮೇಷ್ಟರಾಗಿದ್ದವರು, ನಾನು ಇನ್ನೂ ಓದುತ್ತಿರುವಾಗಲೇ ಹೋದರು. ಆಮೇಲೆ ಮನೆಯಲ್ಲಿ ನಾನು ಮತ್ತು ಅಮ್ಮ. ನಾನು ಮದುವೆಯಾಗಲಿಲ್ಲ. ಅದರ ಹಿಂದೆ ಕಥೆಯೇನೂ ಇಲ್ಲ, ಆಗಲಿಲ್ಲ ಅಷ್ಟೇ.

ಕಾಲೇಜಿನಲ್ಲಿ ಮೀನು ಸಾಕಲು ಆಗುತ್ತಿರಲಿಲ್ಲ. ನಲ್ಲಿಯಲ್ಲಿ ಬರುವುದು ಕ್ಲೋರಿನ್ ನೀರು, ಬಿಟ್ಟ ಮೀನು ಸಂಜೆಯೊಳಗೆ ತೇಲುತ್ತಿತ್ತು. ನಮ್ಮ ಹಿತ್ತಲಿನಲ್ಲಿ ಬಾವಿ ಇತ್ತು, ಬಾವಿಯ ಪಕ್ಕ ಹೆಂಚಿನ ಮಾಡು ಇಳಿಸಿದ ಒಂದು ಜಗಲಿ ಇತ್ತು. ಈರುಳ್ಳಿ ಕೂಡ ಬಾರದ ಮನೆಗೆ ನಾನು ಮೀನು ತರುತ್ತೇನೆಂದಾಗ ಅಮ್ಮ ಒಂದು ದಿನ ಮಾತು ಬಿಟ್ಟಳು. ಮಾರನೆಯ ದಿನ ಷರತ್ತು ಹಾಕಿದಳು. ಮೀನು ಅಡುಗೆಮನೆ ದಾಟಿ ಒಳಗೆ ಬರಕೂಡದು. ಕೊಯ್ಯಕೂಡದು. ಕೆಲಸ ಮುಗಿದ ಮೇಲೆ ಎಲ್ಲಿಂದ ತಂದೆಯೋ ಅಲ್ಲಿಗೇ ಬಿಟ್ಟು ಬರಬೇಕು. ನನ್ನ ಕೆಲಸಕ್ಕೆ ಕೊಯ್ಯುವ ಅಗತ್ಯವೇ ಇರಲಿಲ್ಲವಾದ್ದರಿಂದ ದೊಡ್ಡ ತ್ಯಾಗ ಮಾಡಿದವಳ ಹಾಗೆ ಒಪ್ಪಿಕೊಂಡೆ.

ನಾನು ಆರಿಸಿಕೊಂಡದ್ದು ಪಕ್ಕೆ ಮೀನು. ಬೆರಳುದ್ದ, ಬೆಳ್ಳಿ ಬಣ್ಣ, ಬಾಲದ ಬುಡದಲ್ಲಿ ಒಂದು ಕಪ್ಪು ಚುಕ್ಕೆ. ಎರಡು ಕಡೆಯ ಪಕ್ಕೆ ಬೇಕಿತ್ತು. ಒಂದು, ನಂಜನಗೂಡಿನ ಸ್ನಾನಘಟ್ಟದ್ದು. ಇನ್ನೊಂದು, ಇದೇ ಕಪಿಲೆ ಕೆಳಕ್ಕೆ ಹರಿದು ಕಾವೇರಿಯನ್ನು ಸೇರುವ ಟಿ. ನರಸೀಪುರದ್ದು. ನಂಜನಗೂಡಿನ ಹತ್ತಿರ ಬೇಸಿಗೆಯಲ್ಲಿ ಹೊಳೆ ಸೊರಗುತ್ತದೆ, ನಿಂತ ನೀರು ಕಾಯುತ್ತದೆ, ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಅಂಥ ಕಡೆ ಬೆಳೆದ ಮೀನನ್ನು ಒಳ್ಳೆಯ ನೀರಿಗೆ ತಂದು ಬಿಟ್ಟರೂ ಅದು ಹೆಚ್ಚು ಉಸಿರಾಡುತ್ತದೆಯೇ? ಆಡಿದರೆ, ಆ ನೀರು ಮೀನಿನ ಮೈಯನ್ನು ಕೆಡಿಸಿದೆ ಎಂದು ಅರ್ಥ. ನನ್ನ ಪ್ರಶ್ನೆ ಇಷ್ಟೇ.

ಅಳತೆಯ ಕ್ರಮ ಸರಳ. ಗಾಜಿನ ಜಾಡಿಯಲ್ಲಿ ಬಾವಿಯ ನೀರು ತುಂಬಿ, ಒಂದು ಮೀನು ಬಿಟ್ಟು, ಗಾಳಿಯಾಡದಂತೆ ಮುಚ್ಚುವುದು. ಒಂದು ಗಂಟೆ ಬಿಟ್ಟು, ಬಾಟಲಿಯ ಔಷಧ ಬೆರೆಸಿ, ನೀರಿನಲ್ಲಿ ಆಮ್ಲಜನಕ ಎಷ್ಟು ಇಳಿದಿದೆ ಎಂದು ನೋಡುವುದು. ಇಳಿದಷ್ಟೂ ಮೀನು ಎಳೆದುಕೊಂಡದ್ದು. ಇದಕ್ಕೆ ಒಂದೇ ಕಟ್ಟುಪಾಡು, ಮೀನಿನ ಹೊಟ್ಟೆ ಖಾಲಿ ಇರಬೇಕು. ತಿಂದ ಮೀನು ಅದನ್ನು ಅರಗಿಸಲು ಹೆಚ್ಚು ಉಸಿರಾಡುತ್ತದೆ. ನಾವು ಹಬ್ಬದೂಟ ಮಾಡಿ ಏದುಸಿರು ಬಿಡುವುದಿಲ್ಲವೇ, ಹಾಗೆ. ಆದ್ದರಿಂದ ಅಳತೆಗೆ ಮುಂಚೆ ಒಂದು ದಿನ ಪೂರ್ತಿ ಮೀನಿಗೆ ಏನೂ ಹಾಕಬಾರದು. ಸರದಿಯ ಮೇಲೆ ದಿನಕ್ಕೆ ಎರಡು ತೊಟ್ಟಿಗಳ ಮೀನು ಹಸಿದಿರುತ್ತಿದ್ದವು, ಒಂದು ನಂಜನಗೂಡಿನದು, ಒಂದು ನರಸೀಪುರದ್ದು. ಕಾಲೇಜು ಮುಗಿಸಿ ನಾಲ್ಕು ಗಂಟೆಗೆ ಬಂದು ನಾನು ಅವುಗಳನ್ನು ಅಳೆಯುತ್ತಿದ್ದೆ.

ಇದನ್ನು ಅಮ್ಮನಿಗೂ ವಿವರಿಸಿ ಹೇಳಿದ್ದೆ.

“ಅಂದ್ರೆ ಅವಕ್ಕೂ ಏಕಾದಶೀನಾ?” ಎಂದಳು.

“ಹಾಗೇ ಅಂದ್ಕೋ.”

“ಸಂಕಲ್ಪ ಮಾಡಿ ಊಟ ಬಿಟ್ರೆ ಅದು ಉಪವಾಸ ಕಣೇ. ಸಂಕಲ್ಪ ಇಲ್ದೇ ಊಟ ಕೊಡದೇ ಇದ್ರೆ ಅದು ಹಸಿವು.”

“ಅಮ್ಮ, ಮೀನು ಒಂದು ವಾರ ತಿನ್ನದೇ ಇದ್ರೂ ಏನೂ ಆಗೋಲ್ಲ.”

“ಬಂದು ನಿನ್ನ ಹತ್ರ ಹೇಳ್ತಾ ಅದು?”

ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಬಾಯಿ ಜೋರಿನಲ್ಲಿ ನಾವಿಬ್ಬರೂ ಒಂದೇ ಕೊಂಬೆಯ ಕಾಯಿಗಳು. ಮಾತು ಬೆಳೆಸಿದರೆ ರೈಲು ತಪ್ಪುತ್ತಿತ್ತು.

ನಂಜನಗೂಡಿನ ಪಕ್ಕೆಯನ್ನು ನಾನೇ ಹಿಡಿಯಬೇಕಾಗಿತ್ತು. ಬೆಸ್ತರು ಯಾರೂ ಸ್ನಾನಘಟ್ಟದಲ್ಲಿ ಬಲೆ ಹಾಕುವುದಿಲ್ಲ, ಅವು ದೇವರ ಮೀನು. ಮುಡಿ ಕೊಟ್ಟು ಮುಳುಗು ಹಾಕಲು ಬಂದವರು ಕಡ್ಲೆಪುರಿ ಎಸೆದು ಎಸೆದು ಅವನ್ನು ಸಾಕಿದ್ದಾರೆ. ನೀರಿನ ಮೇಲೆ ಕೈ ಚಾಚಿದರೆ ಸಾಕು, ಮೆಟ್ಟಿಲ ತನಕ ಮುತ್ತಿಕೊಂಡು ಬಾಯಿ ತೆರೆಯುತ್ತವೆ. ಅಪ್ಪನ ಹಳೆಯ ಪಂಚೆಯನ್ನು ನೀರಿನಲ್ಲಿ ಹರಡಿ, ಮೇಲೆ ಒಂದು ಹಿಡಿ ಪುರಿ ಉದುರಿಸಿ, ನಾಲ್ಕು ಮೂಲೆ ಎತ್ತಿದರೆ ಕೆಲಸ ಮುಗಿಯಿತು. ಘಟ್ಟದಲ್ಲಿ ಬಟ್ಟೆ ಒಗೆಯುತ್ತಿದ್ದವರು ನನ್ನನ್ನು ನೋಡುತ್ತಿದ್ದ ನೋಟ ಈಗಲೂ ನೆನಪಿದೆ. ಮೇಷ್ಟರ ಮಗಳು ಕೆಟ್ಟಳು ಎಂಬ ಮಾತು ಒಂದೆರಡು ವರ್ಷ ಬೀದಿಯಲ್ಲಿ ಓಡಾಡಿತು.

ನರಸೀಪುರದ ಮೀನಿಗೆ ಅಲ್ಲಿನ ಬೆಸ್ತರೊಬ್ಬರು ಗೊತ್ತಾಗಿದ್ದರು. ಭಾನುವಾರ ಬೆಳಗಿನ ಬಸ್ಸಿಗೆ ನಾನು ಹೋಗುವಷ್ಟರಲ್ಲಿ ಸಂಗಮದ ದಡದಲ್ಲಿ ಹರಿಗೋಲು ಬೋರಲು ಹಾಕಿ ಕಾಯುತ್ತಿದ್ದರು. ಪಕ್ಕದಲ್ಲಿ ಬಿಂದಿಗೆ, ಬಿಂದಿಗೆಯಲ್ಲಿ ಜೀವಂತ ಪಕ್ಕೆ.

“ಏನ್ ಮೇಡಮ್ಮಾರೆ, ಇವತ್ತೂ ಪಕ್ಕೆನೇಯಾ? ಒಂದ್ಸಲ ದೊಡ್ ಮೀನ್ ತಕ್ಕೊಂಡೋಗಿ. ಇದ್ರಲ್ಲಿ ಬರೀ ಮುಳ್ಳು ಕಣವ್ವ.”

“ನಾವು ತಿನ್ನಲ್ಲಪ್ಪ.”

“ಗೊತ್ತು ಬುಡಿ. ತಿನ್ನೋರ್ಗೆ ಏಳೋ ಅಂಗೆ ಏಳ್ದೆ.”

ಪ್ರತಿ ಸಲವೂ ಇದೇ ಮಾತು. ಅವರಿಗೆ ಬೇಜಾರಾಗುತ್ತಿರಲಿಲ್ಲ. ನರಸೀಪುರದ ಮೀನು ಬಲೆ ಕಂಡ ಮೀನು. ನಮ್ಮ ಹಿತ್ತಲಿಗೆ ಬಂದ ಮೇಲೂ ಮನುಷ್ಯರ ನೆರಳು ಬಿದ್ದರೆ ತೊಟ್ಟಿಯ ಮೂಲೆಗೆ ಓಡಿ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತಿತ್ತು. ನಂಜನಗೂಡಿನ ಮೀನು ನಾನು ಬಂದರೂ ಸರಿ, ಅಮ್ಮ ಬಂದರೂ ಸರಿ, ಮೇಲೆ ಬಂದು ಬಾಯಿ ತೆರೆಯುತ್ತಿತ್ತು. ಈ ವ್ಯತ್ಯಾಸವನ್ನು ನಾನು ದಿನಾ ನೋಡುತ್ತಿದ್ದೆ. ಅದರ ಬಗ್ಗೆ ಯೋಚಿಸಲಿಲ್ಲ.

ಫಲಿತಾಂಶ ಚೆನ್ನಾಗಿ ಬಂತು. ನಂಜನಗೂಡಿನ ಪಕ್ಕೆ ನರಸೀಪುರದ್ದಕ್ಕಿಂತ ಎದ್ದು ಕಾಣುವಷ್ಟು ಹೆಚ್ಚು ಉಸಿರಾಡುತ್ತಿತ್ತು. ವರ್ಷ ಬದಲಾದರೂ ಆ ಅಂತರ ಬದಲಾಗಲಿಲ್ಲ. ನಡುನಡುವೆ ಕೆಲವು ದಿನ ಮಾತ್ರ ನಂಜನಗೂಡಿನ ಅಳತೆ ದಿಢೀರನೆ ಇಳಿದು ನರಸೀಪುರದ್ದಕ್ಕೆ ಸಮನಾಗುತ್ತಿತ್ತು. ನನಗೆ ಮಾರ್ಗದರ್ಶನ ಮಾಡುತ್ತಿದ್ದ ಪ್ರೊಫೆಸರರು ಆ ಸಾಲುಗಳನ್ನು ನೋಡಿ, “ಜಾಡಿಯ ಮುಚ್ಚಳ ಸರಿಯಾಗಿ ಕೂತಿರಲ್ಲಮ್ಮ, ಹೊರಗಿನ ಗಾಳಿ ಸೇರಿರುತ್ತೆ. ಇವನ್ನ ತೆಗೆದುಬಿಡು” ಎಂದರು. ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು ತೆಗೆದುಬಿಟ್ಟೆ. ಮುಂದಿನ ವರ್ಷಗಳಲ್ಲಿ ಅವರನ್ನು ಕೇಳಲಿಲ್ಲ, ನಾನೇ ಎಳೆದೆ. ನನಗೆ ಡಾಕ್ಟರೇಟು ಬಂತು, ಕೆಲಸ ಕಾಯಂ ಆಯಿತು. ‘ನಂಜನಗೂಡಿನ ಮೀನು ಏದುಸಿರು ಬಿಡುತ್ತಿದೆ’ ಎಂದು ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿಯೂ ಬಂತು. ಅಮ್ಮ ಅದನ್ನು ಕತ್ತರಿಸಿ ದೇವರಮನೆಯ ಗೂಡಿನಲ್ಲಿ ಇಟ್ಟಿದ್ದಳು. ನರಸೀಪುರದ ಬೆಸ್ತರು ಸೇರಿ, ಬೇಸಿಗೆಯಲ್ಲಿ ನಾಲೆಗೆ ಹೋಗುವ ನೀರಿನಲ್ಲಿ ಒಂದಿಷ್ಟನ್ನು ಹೊಳೆಗೂ ಬಿಡಬೇಕೆಂದು ಇಲಾಖೆಗೆ ಅರ್ಜಿ ಕೊಟ್ಟಾಗ ನನ್ನ ಅಂಕಿಗಳನ್ನು ಜೊತೆಗೆ ಲಗತ್ತಿಸಿದ್ದರು.

ಇಷ್ಟು ವರ್ಷಗಳಲ್ಲಿ ಅಮ್ಮನನ್ನು ನಾನು ಎಷ್ಟು ಸಲ ಕೇಳಿರಬಹುದು, “ಮೀನಿಗೆ ಏನೂ ಹಾಕಿಲ್ಲ ತಾನೇ?” ಎಂದು. “ಮಡೀಲಿ ನಾನ್ಯಾಕೆ ನಿನ್ನ ಮೀನಿನ ತೊಟ್ಟಿ ಮುಟ್ಟಲಿ?” ಎನ್ನುತ್ತಿದ್ದಳು. ಸಾಕಾಗುತ್ತಿತ್ತು ನನಗೆ.

ಹೋದ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಅಮ್ಮ ಹೋದಳು. ಒಂದು ಬೆಳಿಗ್ಗೆ ಬಚ್ಚಲಿನಿಂದ ಬಂದವಳು ಗೋಡೆ ಹಿಡಿದು ಕೂತಳು, ಮಾತಾಡಲು ಆಗಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಮೈಸೂರಿಗೆ. ಕಾಲು ಊದಿಕೊಂಡಿತ್ತು. ಎದೆಯಲ್ಲಿ ನೀರು ತುಂಬಿದೆ, ಹೃದಯ ಸೋತಿದೆ ಎಂದರು. ಡ್ಯೂಟಿಯಲ್ಲಿದ್ದ ಡಾಕ್ಟರು ಕೇಸ್ ಶೀಟ್ ಬರೆಯುತ್ತ, “ಎಷ್ಟು ದಿನದಿಂದ ಇವರಿಗೆ ಉಸಿರು ಕಟ್ತಾ ಇದೆ?” ಎಂದು ಕೇಳಿದರು.

“ಇವತ್ತು ಬೆಳಿಗ್ಗೆಯಿಂದ” ಎಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಹಾಗೆಯೇ ಬರೆದುಕೊಂಡರು. ಎರಡನೆಯ ದಿನ ಮಧ್ಯಾಹ್ನ ಅಮ್ಮ ತೀರಿಕೊಂಡಳು.

ನನಗೆ ಏನೂ ಅನ್ನಿಸಲಿಲ್ಲ. ಅಳು ಬರಲಿಲ್ಲ, ಆಮೇಲೆ ಬರುತ್ತದೆ ಎಂದರು, ಆಮೇಲೂ ಬರಲಿಲ್ಲ. ಜನ ಬಂದರು, ಕಾಫಿ ಮಾಡಿಕೊಟ್ಟೆ. ಸೂತಕದಲ್ಲಿ ಕಾಫಿ ಕೊಡಬಾರದು ಎಂದು ಯಾರೋ ಅಂದರು, ಸರಿ ಎಂದು ಲೋಟ ಎತ್ತಿಟ್ಟೆ. ದೊಡ್ಡಪ್ಪನ ಮಗ ಬಂದು ಕರ್ಮಗಳನ್ನು ಮಾಡಿದ. ಅಸ್ಥಿ ಬಿಡಲು ನರಸೀಪುರದ ಸಂಗಮಕ್ಕೇ ಹೋದೆವು. ಹರಿಗೋಲು ಹಾಕಿದವರು ಅದೇ ಬೆಸ್ತರು. ಮಡಕೆ ನೀರಿಗೆ ಬಿಟ್ಟ ಮೇಲೆ ನಾನು ಚೀಲದಿಂದ ಥರ್ಮಾಮೀಟರು ತೆಗೆದು ನೀರಿನ ಉಷ್ಣಾಂಶ ನೋಡಿ ಬರೆದುಕೊಂಡೆ. ದೊಡ್ಡಪ್ಪನ ಮಗ ನನ್ನನ್ನೇ ನೋಡುತ್ತಿದ್ದ. ಬಂದದ್ದು ಬಂದಾಗಿದೆ, ಒಂದು ಅಳತೆ ಯಾಕೆ ಬಿಡಬೇಕು ಎಂಬುದು ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ವೈಕುಂಠ ಸಮಾರಾಧನೆಯ ಮಾರನೆಯ ದಿನ ಮತ್ತೆ ಜಾಡಿ ತೊಳೆದು, ಹೊಸ ನೋಟ್‌ಬುಕ್ಕು ತೆರೆದು ಕೆಲಸಕ್ಕೆ ಕೂತೆ.

ಆ ವರ್ಷವಿಡೀ ಹಾಗೇ ಹೋಯಿತು. ಒಬ್ಬಳಿಗಾಗಿ ಅಡುಗೆ ಮಾಡುವುದು ಬಿಟ್ಟೆ. ಮಧ್ಯಾಹ್ನ ಕಾಲೇಜಿನ ಕ್ಯಾಂಟೀನು, ರಾತ್ರಿ ಅವಲಕ್ಕಿ ಮೊಸರು. ದೇವರಮನೆಯ ಬಾಗಿಲು ಹಾಕಿಯೇ ಇರುತ್ತಿತ್ತು. ಬೇಜಾರು ಎಂದು ಹೇಳಲೂ ಆಗದು, ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ದವಡೆ ಇರುವುದು ಗೊತ್ತಾಗುವುದಿಲ್ಲವಲ್ಲ, ಅಷ್ಟೇ. ಒಂದು ಅನುಕೂಲವಾಯಿತು. ಎಷ್ಟೋ ವರ್ಷದಿಂದ ಹಿತ್ತಲ ಜಗಲಿಯ ಗೋಡೆಯಲ್ಲಿದ್ದ ಇರುವೆಯ ಸಾಲು ತಾನಾಗಿ ಹೋಯಿತು. ನಾನು ಇರುವೆ ಸೀಮೆಸುಣ್ಣ ಗೀಚಿ ಗೀಚಿ ಸೋತಿದ್ದೆ. ಒಳ್ಳೆಯದೇ ಆಯಿತು ಅಂದುಕೊಂಡೆ.

ಆ ಹೊಸ ನೋಟ್‌ಬುಕ್ಕಿನ ಅಳತೆಗಳಲ್ಲಿ ನಂಜನಗೂಡಿನ ಮೀನಿಗೂ ನರಸೀಪುರದ ಮೀನಿಗೂ ವ್ಯತ್ಯಾಸವೇ ಇರಲಿಲ್ಲ. ಒಂದು ತಿಂಗಳು ನೋಡಿದೆ, ಎರಡು ತಿಂಗಳು ನೋಡಿದೆ. ಜಾಡಿ ಬದಲಾಯಿಸಿದೆ, ಔಷಧದ ಬಾಟಲಿಗಳನ್ನು ಬದಲಾಯಿಸಿದೆ. ಇಲ್ಲ. ನಂಜನಗೂಡಿನ ಮೀನು ನೆಮ್ಮದಿಯಾಗಿ ಉಸಿರಾಡುತ್ತಿತ್ತು. ಬೆಸ್ತರ ಅರ್ಜಿಯ ಮೇಲೆ ಇಲಾಖೆಯವರು ನನ್ನಿಂದ ಹೊಸ ವರದಿ ಕೇಳಿದ್ದರು, ತಿಂಗಳ ಕೊನೆಗೆ ಕೊಡಬೇಕಿತ್ತು. ಬರೆಯುವುದು ಸುಲಭವಾಗಿತ್ತು. ಹಿಂದೆ ಕೆಟ್ಟಿದ್ದ ಹೊಳೆ ಈಗ ಸುಧಾರಿಸಿದೆ. ಅಂಕಿಗಳು ಹೇಳುವುದು ಅದನ್ನೇ.

ಭಾನುವಾರ ಬೆಸ್ತರಿಗೂ ಹಾಗೆಯೇ ಹೇಳಿದೆ. ಅವರು ಬಲೆ ಬಿಡಿಸುತ್ತಿದ್ದ ಕೈ ನಿಲ್ಲಿಸಿದರು.

“ಒಳೆ ಎಲ್ಲ್ ಸರೋಗದೆ ಮೇಡಮ್ಮಾರೆ? ನಾನ್ ದಿನಾ ಇಳೀತೀನಿ. ನೀರು ಮೊಣಕಾಲ್ಗೂ ಇಲ್ಲ, ಕಾಲಿಟ್ರೆ ಬಿಸಿ ತಾಗ್ತದೆ. ಮೊದ್ಲು ಒಂದ್ಸಲ ಬಲೆ ಎಳೆದ್ರೆ ಬಿಂದಿಗೆ ತುಂಬೋದು. ಈಗ ನಿಮ್ಗೆ ಇಷ್ಟ್ ಪಕ್ಕೆ ಇಡ್ಯಾಕೆ ಎರಡ್ ದಿನ ಬೇಕು.”

“ನನ್ನ ಲೆಕ್ಕದಲ್ಲಿ ಹಾಗೇ ಬರ್ತಾ ಇದೆ.”

“ಅಂಗಾರೆ ನಿಮ್ ಲೆಕ್ಕನೇ ಇನ್ನೊಂದ್ಸಲ ನೋಡಿ. ನೀವು ಸರೋಗದೆ ಅಂತ ಬರುದ್ರೆ ಅವ್ರು ಅರ್ಜಿ ಕಟ್ಟಿ ಮೇಲಿಟ್ಬುಡ್ತಾರೆ. ಆಮೇಲೆ ನಾವ್ ಯಾರನ್ನ ಕೇಳಮ?”

ನನಗೆ ಸಿಟ್ಟು ಬಂತು. ವರ್ಷದಲ್ಲಿ ಮೊದಲ ಸಲ ಏನೋ ಒಂದು ಬಂತು, ಅದೂ ಸಿಟ್ಟು. ಲೆಕ್ಕ ನೋಡು ಎಂದು ನನಗೆ ಹೇಳುತ್ತಾರಲ್ಲ! ಆ ಸಿಟ್ಟಿನಲ್ಲೇ ಮನೆಗೆ ಬಂದು, ಮೊದಲ ವರ್ಷದಿಂದ ಇಟ್ಟಿದ್ದ ನೋಟ್‌ಬುಕ್ಕುಗಳನ್ನೆಲ್ಲ ತೆಗೆದೆ. ಅವರದು ತಪ್ಪು ಎಂದು ತೋರಿಸುವುದೇ ಉದ್ದೇಶವಾಗಿತ್ತು.

ಮಾರನೆಯ ದಿನ ರೈಲಿನಲ್ಲಿ ಒಂದು ನೋಟ್‌ಬುಕ್ಕು ತೊಡೆಯ ಮೇಲಿತ್ತು. ತಾಂಡವಪುರದಲ್ಲಿ ಎದುರಿನ ಗಾಡಿಗಾಗಿ ನಮ್ಮ ರೈಲು ನಿಂತಿತು. ಮಾಡಲು ಕೆಲಸವಿಲ್ಲದೆ, ಕೆಂಪು ಗೆರೆ ಎಳೆದ ಸಾಲುಗಳ ತಾರೀಕುಗಳನ್ನು ಮೊದಲ ಸಲ ಒಂದರ ಕೆಳಗೊಂದು ಬರೆದೆ. ಒಂದಕ್ಕೂ ಮುಂದಿನದಕ್ಕೂ ಹದಿನಾಲ್ಕು ದಿನ, ಹದಿನೈದು ದಿನ, ಮತ್ತೆ ಹದಿನೈದು. ನಾನು ಅಳೆಯದ ಭಾನುವಾರಕ್ಕೆ ಬಿದ್ದಿದ್ದರೆ ಒಂದು ತಪ್ಪಿತ್ತು, ಅಷ್ಟೇ. ಗಾಳಿ ಸೇರುವ ಮುಚ್ಚಳ ಹೀಗೆ ಹದಿನೈದು ದಿನಕ್ಕೊಂದು ಸಲ ಸಡಿಲವಾಗುವುದಿಲ್ಲ.

ನನ್ನ ತಲೆಗೆ ಹೊಳೆದದ್ದು ಚಂದ್ರ. ಸಮುದ್ರದ ಎಷ್ಟೋ ಜೀವಿಗಳು ಚಂದ್ರನಿಗೆ ತಕ್ಕಂತೆ ನಡೆಯುತ್ತವೆ. ನಮ್ಮ ಪಕ್ಕೆಯೂ ಹಾಗೆ ಇದ್ದರೆ? ಇಷ್ಟು ವರ್ಷ ಯಾರೂ ಕಾಣದ್ದನ್ನು ನಾನು ಕಂಡಿದ್ದರೆ? ಅರ್ಧ ದಿನ ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ. ಮಧ್ಯಾಹ್ನದ ಗಾಡಿಗೇ ಮನೆಗೆ ಬಂದೆ. ಹಳೆಯ ವರ್ಷಗಳ ತಿಥಿ ಬೇಕಿತ್ತು. ಅಮ್ಮ ಯಾವ ಪಂಚಾಂಗವನ್ನೂ ಎಸೆದವಳಲ್ಲ, ಎಲ್ಲವನ್ನೂ ದಾರ ಕಟ್ಟಿ ದೇವರಮನೆಯ ಗೂಡಿನ ಕೆಳಗೆ ಇಟ್ಟಿದ್ದಳು. ಬಾಗಿಲು ತೆಗೆದು, ಧೂಳು ಒರೆಸಿ, ನೆಲದ ಮೇಲೆ ಹರಡಿಕೊಂಡು ಕೂತೆ.

ಹುಣ್ಣಿಮೆಯಲ್ಲ. ಅಮಾವಾಸ್ಯೆಯೂ ಅಲ್ಲ. ಮೊದಲ ತಾರೀಕು, ಏಕಾದಶಿ. ಎರಡನೆಯದು, ಏಕಾದಶಿ. ಮೂರನೆಯದು ದ್ವಾದಶಿ ಎಂದಿತ್ತು, ಆದರೆ ಅಮ್ಮ ಪೆನ್ಸಿಲ್ಲಿನಲ್ಲಿ ಅದರ ಪಕ್ಕ ‘ಉಪವಾಸ ಈ ದಿನ’ ಎಂದು ಬರೆದಿದ್ದಳು. ದಶಮಿಯ ಸೋಂಕು ಬಿದ್ದಾಗ ಉಪವಾಸ ಮರುದಿನಕ್ಕೆ ಹೋಗುತ್ತದೆ. ಮೀನಿನ ಉಸಿರು ಸಹ ಅಮ್ಮನ ಪೆನ್ಸಿಲ್ ಗುರುತಿನ ಪ್ರಕಾರವೇ ಮರುದಿನಕ್ಕೆ ಹೋಗಿತ್ತು. ಚಂದ್ರನಿಗೆ ದಶಮಿಯ ಸೋಂಕು ಗೊತ್ತಿಲ್ಲ. ನರಸೀಪುರದ ಮೀನಿನ ಅಳತೆಗಳನ್ನೂ ನೋಡಿದೆ, ಅವು ಏಕಾದಶಿಯೂ ಒಂದೇ, ಉಳಿದ ದಿನವೂ ಒಂದೇ.

ನಾನು ಏಕಾದಶಿ ಬಿಟ್ಟು ಬಹಳ ಕಾಲವಾಗಿತ್ತು, ರಾತ್ರಿ ಅನ್ನವಿಲ್ಲದ ದಿನ ಅವಲಕ್ಕಿ ತಿಂದು ಮಲಗುತ್ತಿದ್ದೆ, ತಿಥಿಯ ಲೆಕ್ಕ ಇಡುತ್ತಿರಲಿಲ್ಲ. ಅಮ್ಮ ಆ ದಿನ ಒಲೆ ಹಚ್ಚುತ್ತಿರಲಿಲ್ಲ. ಅನ್ನ ಮಾಡುತ್ತಿರಲಿಲ್ಲ. ಉಳಿದ ದಿನಗಳಲ್ಲಿ ನೈವೇದ್ಯ ಮುಗಿದ ಮೇಲೆ, ತಾನು ಎಲೆಯ ಮುಂದೆ ಕೂರುವ ಮೊದಲು, ಕಾಗೆಗೆ ಒಂದು ತುತ್ತು, ಬೀದಿಯ ಹಸುವಿಗೆ ಒಂದು ತುತ್ತು ಇಡುವುದು ಅವಳ ಪದ್ಧತಿ. ಮನೆಯ ಸುತ್ತ ಹಸಿದ ಜೀವವಿದ್ದರೆ ತಾನು ಉಣ್ಣುವವಳಲ್ಲ.

ಹಿತ್ತಲಿಗೆ ಹೋಗಿ ನಂಜನಗೂಡಿನ ತೊಟ್ಟಿಯನ್ನು ಗೋಡೆಯಿಂದ ಈಚೆಗೆ ಎಳೆದೆ. ಹಿಂದಿನ ಸಂದಿಯಲ್ಲಿ, ಸೀಮೆಸುಣ್ಣದ ಗೀರುಗಳ ಮಧ್ಯೆ, ಒಣಗಿ ಕಲ್ಲಾದ ಅನ್ನದ ಅಗುಳುಗಳಿದ್ದವು. ತೊಟ್ಟಿ ಮುಟ್ಟಿ ಮಡಿ ಕೆಡಬಾರದೆಂದು ದೂರದಿಂದ ಉದುರಿಸಿದಾಗ ಆಚೆ ಬಿದ್ದವು.

ಆದರೂ ಪರೀಕ್ಷೆ ಮಾಡದೆ ಬರೆಯುವಂತಿರಲಿಲ್ಲ. ಮಾರನೆಯ ದಿನ ರಜೆ ಹಾಕಿ, ವರ್ಷದ ಮೇಲೆ ಮೊದಲ ಸಲ ಆ ಒಲೆಯಲ್ಲಿ ಅನ್ನ ಮಾಡಿದೆ. ಮಧ್ಯಾಹ್ನ ಹನ್ನೆರಡಕ್ಕೆ ಒಂದು ಹಿಡಿ ಅನ್ನ ಬಿಡಿಬಿಡಿ ಮಾಡಿಕೊಂಡು ಹಿತ್ತಲಿನ ಮೂರು ಮೆಟ್ಟಿಲು ಇಳಿದೆ. ಕೈ ಚಾಚಿದ ಕೂಡಲೇ ನಂಜನಗೂಡಿನ ಪಕ್ಕೆಗಳು ಮೇಲೆ ಬಂದು ಬಾಯಿ ತೆರೆದವು. ಹಾಕಿದೆ, ತಿಂದವು. ನರಸೀಪುರದವು ಮೂಲೆಗೆ ಸರಿದು ಒತ್ತಿಕೊಂಡು ನಿಂತವು. ಕೇಳಿದವರಿಗೆ ಹಾಕುವುದು, ಕೇಳದವರಿಗೆ ಬಲವಂತವಿಲ್ಲ. ಅಮ್ಮನ ಬಡಿಸುವ ಕ್ರಮವೇ ಅದು. ನಾಲ್ಕು ಗಂಟೆಗೆ ಅಳೆದೆ. ನಂಜನಗೂಡಿನ ಅಂಕಿ ಹಳೆಯ ಜಾಗಕ್ಕೆ ಹೋಗಿ ಕೂತಿತ್ತು. ನನ್ನ ಡಾಕ್ಟರೇಟಿನ ಅಂಕಿ.

ಹೊಳೆ ಮೀನನ್ನು ಕೆಡಿಸಿದೆಯೋ ಇಲ್ಲವೋ ನಾನು ಅಳೆದೇ ಇರಲಿಲ್ಲ. ನಮ್ಮ ಮನೆಯ ಅನ್ನ ಅರಗುವುದನ್ನು ಇಷ್ಟು ವರ್ಷ ಅಳೆದಿದ್ದೆ. ನಿಜವಾಗಿ ಹಸಿದ ಹೊಟ್ಟೆಯ ಅಳತೆ ಸಿಕ್ಕಿದ್ದು ತಿಂಗಳಿಗೆ ಎರಡು ದಿನ, ಆ ಎರಡನ್ನೂ ಹುಡುಕಿ ಹುಡುಕಿ ಹೊಡೆದುಹಾಕಿದ್ದೆ.

ಆ ವಾರವೇ ನರಸೀಪುರಕ್ಕೆ ಹೋಗಿ ಬೆಸ್ತರಿಗೆ ಹೇಳಿದೆ. ಹೊಳೆ ಸುಧಾರಿಸಿದೆ ಎಂದು ಬರೆಯುವುದಿಲ್ಲ, ಆದರೆ ಅರ್ಜಿಗೆ ಲಗತ್ತಿಸಿದ ಹಳೆಯ ಅಂಕಿಗಳೂ ತಪ್ಪು, ಅದನ್ನೂ ಬರೆಯಬೇಕಾಗುತ್ತದೆ ಎಂದೆ. ಹೇಗೆ ತಪ್ಪಾಯಿತೆಂದೂ ಹೇಳಿ, ಬೈಯಲಿ ಎಂದು ಕಾದೆ. ಅವರು ಕೈಯಲ್ಲಿದ್ದ ಬಲೆ ಕೆಳಗಿಟ್ಟರು.

“ಅಮ್ಮಾವ್ರು ಅನ್ನ ಆಕ್ತಿದ್ರಾ?”

“ಹೂಂ.”

“ದಿನಾ?”

“ದಿನಾ.”

“ಒಟ್ಟೆಗ್ ಆಕುದ್ರೆ ಅದು ತಪ್ಪಲ್ಲ ಕಣವ್ವ. ನೀವ್ ಬರ್ಕೊಳೋದ್ ಬರ್ಕೊಳ್ಳಿ. ನಮ್ ಅರ್ಜಿ ಬಿದ್ದೋದ್ರೆ ಬಿದ್ದೋಯ್ತದೆ, ಇನ್ನೊಂದ್ ಕೊಡಮ. ಮುಂದ್ಲ ವರ್ಸಕ್ಕೆ ಸರ್ಯಾಗ್ ಅಳ್ದು ಕೊಡಿ.” ಬಿಂದಿಗೆಯನ್ನು ನನ್ನ ಕಡೆ ಸರಿಸಿದರು. “ತಕಳಿ. ಎಂಟೇ ಸಿಕ್ಕಿದ್ದು.”

ವರದಿಗೆ ಒಂದು ಪಟ್ಟಿ ಬೇಕಿತ್ತು. ಅಡ್ಡಗೆರೆ ಎಳೆದ ಅಳತೆಗಳನ್ನೆಲ್ಲ ತೆಗೆದು, ಪ್ರತಿಯೊಂದರ ಎದುರಿಗೂ ಆ ದಿನದ ತಿಥಿ ಬರೆದು, ಹಳೆಯ ಅಳತೆಗಳಲ್ಲಿ ನಂಬಬಹುದಾದವು ಇವು ಮಾತ್ರ ಎಂದು ಕೊಡಬೇಕಿತ್ತು. ಎರಡು ಸಂಜೆ ಕೂತು ಬರೆದೆ. ವರ್ಷಕ್ಕೆ ವರ್ಷ ಸರಿಯಾಗಿ ತಾಳೆಯಾಗುತ್ತ ಬಂತು. ಕೊನೆಗೆ ಹೋದ ವರ್ಷದ ನೋಟ್‌ಬುಕ್ಕು ಉಳಿಯಿತು.

ಅದರಲ್ಲಿ ಒಂದು ಏಕಾದಶಿ, ಇನ್ನೊಂದು ಏಕಾದಶಿ. ಆಮೇಲೆ ಒಂದು ಕೆಂಪು ಗೆರೆ, ಅದಕ್ಕೆ ತಿಥಿ ಹೊಂದಲಿಲ್ಲ, ಪಾಡ್ಯ. ಅದರ ಮರುದಿನ ಇನ್ನೊಂದು ಗೆರೆ, ಬಿದಿಗೆ. ಅದರ ಮರುದಿನ ಇನ್ನೊಂದು. ನಡುವಿನ ಭಾನುವಾರ ಬಿಟ್ಟು ಸಾಲಾಗಿ ಒಂಬತ್ತು ದಿನ, ದಶಮಿಯಂದೇ ಕೊನೆಗೊಂಡಿದ್ದವು, ಏಕಾದಶಿ ಇನ್ನೂ ಬಂದಿರಲಿಲ್ಲ. ಬಾಟಲಿಯ ಔಷಧ ಹಳೆಯದಾಗಿದೆ, ಹೊಸದು ತರಿಸಬೇಕು ಎಂದು ಅಂಚಿನಲ್ಲಿ ನನ್ನ ಅಕ್ಷರದಲ್ಲಿ ಬರೆದಿತ್ತು. ಒಂಬತ್ತನೆಯ ಗೆರೆಯ ಕೆಳಗೆ ಪುಟ ಖಾಲಿ. ಮಾರನೆಯ ಬೆಳಿಗ್ಗೆಯೇ ನಾನು ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದದ್ದು.

ಒಂಬತ್ತು ದಿನ ಅಮ್ಮ ಮೀನಿಗೆ ಅನ್ನ ಹಾಕಿರಲಿಲ್ಲ. ಅಡುಗೆ ಮಾಡಿದ್ದಳು, ನಾನು ರಾತ್ರಿ ಬಿಸಿ ಮಾಡಿಕೊಂಡು ಉಂಡಿದ್ದೆ. ಹಿತ್ತಲಿನ ಮೂರು ಮೆಟ್ಟಿಲು ಇಳಿದು ಹತ್ತಲು ಅವಳಿಗೆ ಉಸಿರು ಸಾಕಾಗಿರಲಿಲ್ಲ. ನನ್ನ ಹತ್ತಿರ ಹೇಳಲಿಲ್ಲ. ಹೇಳಿದ್ದರೆ ಯಾಕೆ ಇಳಿಯಬೇಕು ಎಂದು ನಾನು ಕೇಳುತ್ತಿದ್ದೆ, ಮೀನಿನ ವಿಷಯ ಹೊರಗೆ ಬರುತ್ತಿತ್ತು. ಅದೇ ಜಗಲಿಯಲ್ಲಿ ಕೂತು ಒಂಬತ್ತು ಸಂಜೆ ನಾನು ಮೀನಿನ ಉಸಿರು ಅಳೆದಿದ್ದೆ, ಅಂಕಿ ಇಳಿದಿದ್ದನ್ನು ಕಂಡಿದ್ದೆ, ಗೊಣಗಿಕೊಂಡು ಗೆರೆ ಎಳೆದಿದ್ದೆ.

ಇಲ್ಲಿ ಅಳು ಬಂತು. ಒಂದು ವರ್ಷದ ಮೇಲೆ ಬಂದದ್ದು, ನಿಲ್ಲಿಸಲು ಆಗಲಿಲ್ಲ, ನಿಲ್ಲಿಸಬೇಕು ಅನ್ನಿಸಲೂ ಇಲ್ಲ. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಏನಾಯಿತು ಎಂದು ಕೂಗಿ ಕೇಳಿದರು. ಏನೂ ಇಲ್ಲ ಎಂದೆ.

ಮುಖ ತೊಳೆದು ಬಂದು ಪಟ್ಟಿ ಮುಗಿಸಿದೆ. ಆ ಒಂಬತ್ತು ಅಳತೆಗಳೂ ಹಸಿದ ಮೀನಿನವೇ, ನಂಬಬಹುದಾದವೇ, ಆದ್ದರಿಂದ ಸೇರಿಸಲೇಬೇಕಿತ್ತು. ಕೊನೆಯ ಕಲಂ ‘ಆ ದಿನ ಮೀನಿಗೆ ಆಹಾರ ಬೀಳದಿರಲು ಕಾರಣ’ ಎಂದಿತ್ತು. ಉಳಿದ ಎಲ್ಲ ಸಾಲುಗಳಿಗೂ ‘ಏಕಾದಶಿ’ ಎಂದು ಬರೆದಿದ್ದೆ. ಈ ಒಂಬತ್ತಕ್ಕೆ, ಒಂದೊಂದಕ್ಕೂ ಬೇರೆಬೇರೆಯಾಗಿ, ‘ಸಂಶೋಧಕಿಯ ತಾಯಿಗೆ ಉಸಿರು ಕಟ್ಟುತ್ತಿತ್ತು’ ಎಂದು ಬರೆದೆ.